ನೋವು ಎಲ್ಲಿದೆ ಅಂತ ಹೇಳಲು ನನಗೆ ಐದು ತಿಂಗಳು ಬೇಕಾಯಿತು

ನನಗೆ ಈಗ 47 ವರ್ಷ. ಕಲಬುರಗಿಯಲ್ಲಿ ತೆರಿಗೆ ಲೆಕ್ಕ ಬರೆಯುವ ಕೆಲಸ. ದಿನಕ್ಕೆ ಒಂಬತ್ತು ತಾಸು ಕುರ್ಚಿಯ ಮೇಲೆ, ರಿಟರ್ನ್ ತುಂಬುವ ಕೊನೆಯ ದಿನಗಳು ಬಂದರೆ ಹನ್ನೆರಡು ತಾಸು. ಎರಡು ವರ್ಷದ ಹಿಂದೆ ಜುಲೈನಲ್ಲಿ, ಆ ಗಡಿಬಿಡಿಯ ನಡುವೆಯೇ, ನನ್ನ ಎಡಗಡೆಯ ವೃಷಣದಲ್ಲಿ ನೋವು ಶುರುವಾಯಿತು.

ಈ ಸಾಲು ಬರೆಯುವುದು ಈಗ ಸುಲಭ. ಆಗ ಬಾಯಿಗೆ ಬರಲಿಲ್ಲ.

ಚುಚ್ಚುವಂಥ ನೋವೇನೂ ಆಗಿರಲಿಲ್ಲ. ಹಲ್ಲುನೋವು ಜೋರಾಗುವ ಹಿಂದಿನ ದಿನ ಒಂದು ಮಂದ ನೋವು ಇರುತ್ತದಲ್ಲ, ಆ ಥರ. ಯಾರೋ ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆದ ಹಾಗೆ. ಬೆಳಿಗ್ಗೆ ಏಳುವಾಗ ಇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬರುತ್ತಿತ್ತು, ಸಂಜೆ ಸ್ಕೂಟರ್ ಮೇಲೆ ಮನೆ ಸೇರುವಷ್ಟರಲ್ಲಿ ತೊಡೆಸಂದಿಗೂ ಹರಡುತ್ತಿತ್ತು, ರಾತ್ರಿ ಅಂಗಾತ ಮಲಗಿದರೆ ಅರ್ಧ ತಾಸಿನಲ್ಲಿ ಇಳಿಯುತ್ತಿತ್ತು. ಮೊದಲ ವಾರ ಸೆಕೆ ಅಂದುಕೊಂಡೆ. ಎರಡನೇ ವಾರ ಚಡ್ಡಿ ಬಿಗಿಯಾಗಿದೆ ಅಂದುಕೊಂಡೆ. ಮೂರನೇ ವಾರ ರಾತ್ರಿ ಎರಡು ಗಂಟೆಗೆ ಫೋನ್ ಹಿಡಿದು ಹುಡುಕಿದೆ, ಎಲ್ಲ ಕಡೆ ಕ್ಯಾನ್ಸರ್ ಅನ್ನುವ ಪದವೇ ಕಂಡಿತು, ಫೋನ್ ಆಫ್ ಮಾಡಿ ಬೆಳಗಿನವರೆಗೆ ಎದ್ದೇ ಇದ್ದೆ.

ಡಾಕ್ಟರ್ ಹತ್ತಿರ ಹೋಗಲಿಲ್ಲ ಅಂತಲ್ಲ. ಹೋದೆ. ಆದರೆ ಅಲ್ಲಿ ಏನಂತ ಹೇಳುವುದು? ವೃಷಣ ಅನ್ನುವುದು ಹೈಸ್ಕೂಲ್ ಪುಸ್ತಕದ ಮಾತು, ಆ ಪಾಠವನ್ನು ನಮ್ಮ ಮೇಷ್ಟ್ರು ನೀವೇ ಓದಿಕೊಳ್ಳಿ ಅಂತ ಬಿಟ್ಟಿದ್ದರು. ಊರಲ್ಲಿ ಬೀಜ ಅನ್ನುತ್ತಾರೆ. ಇನ್ನೊಂದು ಮಾತಿದೆ, ಅದನ್ನು ಜಗಳದಲ್ಲಿ ಬೈಯಲು ಮಾತ್ರ ಬಳಸುತ್ತಾರೆ. ಕ್ಲಿನಿಕ್‌ನಲ್ಲಿ ಒಂದು ಪರದೆ ಇತ್ತು, ಪರದೆಯಾಚೆ ನಮ್ಮ ಓಣಿಯವರೇ ಕೂತಿದ್ದರು. ನಾನು "ಕಿಬ್ಬೊಟ್ಟೆಯಲ್ಲಿ ನೋವು ಸರ್" ಅಂದೆ.

ಆ ಒಂದು ಮಾತಿನಿಂದ ಐದು ತಿಂಗಳು ಹೋಯಿತು. ಕಿಬ್ಬೊಟ್ಟೆ ಅಂದರೆ ಡಾಕ್ಟರ್ ಏನು ಮಾಡಬೇಕೋ ಅದನ್ನೇ ಮಾಡಿದರು. ಮೊದಲು ಗ್ಯಾಸಿನ ಮಾತ್ರೆ. ಆಮೇಲೆ ಮೂತ್ರ ಪರೀಕ್ಷೆ, ಅದರಲ್ಲಿ ಏನೂ ಇಲ್ಲ. ಆದರೂ ಸೋಂಕು ಇರಬಹುದು ಅಂತ ಆಂಟಿಬಯೋಟಿಕ್, ಏಳು ದಿನ. ಮತ್ತೆ ಇನ್ನೊಂದು ಕಡೆ ಹೋದಾಗ ಇನ್ನೊಂದು ಆಂಟಿಬಯೋಟಿಕ್, ಹತ್ತು ದಿನ. ಕಲ್ಲು ಇರಬಹುದು ಅಂತ ಹೊಟ್ಟೆಯ ಸ್ಕ್ಯಾನ್. ಹೊಟ್ಟೆಯ ಸ್ಕ್ಯಾನ್ ಹೊಟ್ಟೆಯಲ್ಲೇ ನಿಲ್ಲುತ್ತದೆ, ಕೆಳಗೆ ನೋಡಿ ಅಂತ ಹೇಳದಿದ್ದರೆ ಅವರೇಕೆ ನೋಡುತ್ತಾರೆ? ನಡುವೆ ನಾನೇ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ವಾರಗಟ್ಟಲೆ ನುಂಗಿದೆ. ಇದನ್ನು ಮಾತ್ರ ಯಾರೂ ಮಾಡಬೇಡಿ. ಆ ಮಾತ್ರೆಗಳು ಹೊಟ್ಟೆಯ ಒಳಪದರ ಸುಡುತ್ತವೆ. ಬಿಪಿ, ಶುಗರ್ ಇದ್ದವರಿಗೆ ಮೂತ್ರಪಿಂಡಕ್ಕೂ ಪೆಟ್ಟು.

ಕೊನೆಗೆ ಕಂಡುಹಿಡಿದಿದ್ದು ನನ್ನ ಹೆಂಡತಿ. ಡಿಸೆಂಬರ್‌ನಲ್ಲಿ ಒಂದು ಭಾನುವಾರ, ಮಾರ್ಕೆಟ್‌ನಿಂದ ಬರುವಾಗ ಹಿಂದಿನಿಂದ ನೋಡುತ್ತಿದ್ದಳಂತೆ. "ಯಾಕ್ರಿ, ಹಿಂಗ್ಯಾಕ ಕಾಲು ಅಗಲಿಸಿ ನಡೀಲಿಕ್ಕತ್ತೀರಿ?" ಅಂದಳು. ಏನಿಲ್ಲ ಅಂದೆ. ಮನೆಗೆ ಬಂದು, ಬಾಗಿಲು ಹಾಕಿ, ಮತ್ತೆ ಕೇಳಿದಳು. ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಹೆರಿಗಿ ಆಗ್ಯಾವ ನಂಗ. ಎಷ್ಟು ಮಂದಿ ಡಾಕ್ಟರು, ಎಷ್ಟು ಮಂದಿ ನರ್ಸು ನೋಡ್ಯಾರ, ಏನೇನು ಕೇಳ್ಯಾರ, ಎಲ್ಲಾ ಹೇಳೀನಿ. ನಿಮಗ ಒಂದು ಮಾತು ಹೇಳ್ಲಿಕ್ಕೆ ಆಗಂಗಿಲ್ಲಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾತಾಡಲು ಆಗದಿದ್ದರೆ ಬರೆದುಕೊಂಡು ಹೋಗಿ ಅಂತ ಅವಳೇ ಹೇಳಿದಳು. ಒಂದು ಚೀಟಿ ಬರೆದೆ. ಮರುದಿನ ಯೂರಾಲಜಿ, ಅಂದರೆ ಮೂತ್ರಾಂಗಗಳ ಡಾಕ್ಟರ್ ಮುಂದೆ ಕೂತು ಆ ಚೀಟಿ ಕೊಟ್ಟೆ. ಅವರು ಓದಿದರು, ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ, "ಬನ್ನಿ, ನೋಡೋಣ" ಅಂದರು. ಅಷ್ಟೇ. ಐದು ತಿಂಗಳು ನಾನು ಹೆದರಿದ್ದು ಅಷ್ಟಕ್ಕೆ.

ಮುಂದಿನದು ಹೇಳುವ ಮುಂಚೆ ಒಂದು ತುರ್ತಿನ ವಿಷಯ ಹೇಳಿಬಿಡುತ್ತೇನೆ. ನನ್ನದು ತಿಂಗಳುಗಟ್ಟಲೆ ಎಳೆದ ನೋವು. ಆದರೆ ನೋವು ಒಮ್ಮಿಂದೊಮ್ಮೆಲೆ, ತಡೆಯಲಾರದಷ್ಟು ಬಂದರೆ, ಜೊತೆಗೆ ವಾಂತಿ ಬಂದರೆ, ಒಂದು ಕಡೆಯ ವೃಷಣ ಮೇಲೆ ಸೇದಿಕೊಂಡಂತೆ ಕಂಡರೆ, ಬೆಳಗಾಗಲಿ ಅಂತ ಕಾಯಬಾರದು. ವೃಷಣ ತನ್ನ ರಕ್ತನಾಳ, ನರ ಇರುವ ಹುರಿಯ ಮೇಲೆ ತಿರುಚಿಕೊಂಡು ರಕ್ತ ನಿಂತುಹೋಗಿರಬಹುದು. ಸುಮಾರು ಆರು ತಾಸಿನೊಳಗೆ ಆಪರೇಷನ್ ಆಗದಿದ್ದರೆ ಅದು ಉಳಿಯುವುದು ಕಷ್ಟ. ಹೆಚ್ಚಾಗಿ ಹರೆಯದ ಹುಡುಗರಿಗೆ ಆಗುತ್ತದೆ, ಆದರೆ ದೊಡ್ಡವರಿಗೂ ಆಗುವುದುಂಟು. ಜ್ವರದ ಜೊತೆ ಕೆಂಪಗೆ ಊದಿಕೊಂಡರೂ, ಮೂತ್ರದಲ್ಲಿ ರಕ್ತ ಕಂಡರೂ ಅದೇ ದಿನ ಹೋಗಿ. ಕೈಗೆ ಗಟ್ಟಿ ಗಂಟು ಸಿಕ್ಕರೆ, ನೋವಿಲ್ಲದಿದ್ದರೂ, ಆ ವಾರದಲ್ಲೇ ತೋರಿಸಿ.

ಆ ಗಂಟಿನ ಬಗ್ಗೆ ಇನ್ನೊಂದು ಮಾತು, ಯಾಕೆಂದರೆ ರಾತ್ರಿ ಎರಡು ಗಂಟೆಗೆ ಹುಡುಕುವವರೆಲ್ಲ ಹೆದರುವುದು ಅದಕ್ಕೇ. ವೃಷಣದ ಕ್ಯಾನ್ಸರ್ ಬಹುತೇಕ ನೋವಿಲ್ಲದ ಗಂಟಾಗಿಯೇ ಶುರುವಾಗುತ್ತದೆ. ಕೆಲವರಿಗೆ ಭಾರ ಅನಿಸುವುದು, ಮಂದ ನೋವು ಇರುವುದು ಉಂಟು, ಅದಕ್ಕೇ ಪರೀಕ್ಷೆ ತಪ್ಪಿಸಬಾರದು. ಹೆಚ್ಚಾಗಿ ಹರೆಯದಿಂದ 40ರ ಆಸುಪಾಸಿನವರೆಗೆ ಬರುವ ಕಾಯಿಲೆ, ಬೇಗ ಸಿಕ್ಕರೆ ಪೂರ್ತಿ ಗುಣವಾಗುವ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ಬಿಸಿನೀರು ಸ್ನಾನ ಮಾಡಿದ ಮೇಲೆ ಚರ್ಮ ಸಡಿಲ ಇರುತ್ತದೆ, ಆಗ ಎರಡೂ ಕಡೆ ಹೆಬ್ಬೆರಳು ಬೆರಳುಗಳ ನಡುವೆ ಮೆಲ್ಲಗೆ ಉರುಳಿಸಿ ನೋಡಿಕೊಳ್ಳಬಹುದು. ಹಿಂದುಗಡೆ ಮೆತ್ತಗೆ ಹಗ್ಗದ ಸುರುಳಿಯಂತೆ ಸಿಗುವುದು ಎಪಿಡಿಡಿಮಿಸ್, ಅಂದರೆ ವೀರ್ಯಾಣು ಕೂಡಿಡುವ ನಳಿಕೆ, ಅದು ಎಲ್ಲರಿಗೂ ಇರುತ್ತದೆ. ನಾನು ಅದನ್ನೇ ಗಂಟು ಅಂದುಕೊಂಡು ಒಂದು ವಾರ ಅನ್ನ ಬಿಟ್ಟಿದ್ದೆ.

ಯೂರಾಲಜಿ ಡಾಕ್ಟರ್ ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು, ಕೆಮ್ಮಲು ಹೇಳಿ ಹರ್ನಿಯಾ ಇದೆಯಾ ಅಂತ ನೋಡಿದರು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಬರೆದುಕೊಟ್ಟರು. ಅದರಲ್ಲಿ ಎರಡು ವಿಷಯ ಬಂತು. ಎಡಗಡೆ ಸಣ್ಣ ವೆರಿಕೋಸಿಲ್, ಅಂದರೆ ರಕ್ತನಾಳ ಉಬ್ಬಿರುವುದು. ಎಪಿಡಿಡಿಮಿಸ್‌ನಲ್ಲಿ ನಾಲ್ಕು ಮಿಲಿಮೀಟರ್‌ನ ಒಂದು ನೀರುಗುಳ್ಳೆ. ಆ ರಿಪೋರ್ಟ್ ಹಿಡಿದುಕೊಂಡು, ಯಾರೋ ಹೇಳಿದರು ಅಂತ ಇನ್ನೊಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದೆ. ಅಲ್ಲಿಯ ಸರ್ಜನ್ ನನ್ನನ್ನು ಮುಟ್ಟಿ ನೋಡಲಿಲ್ಲ. ರಿಪೋರ್ಟ್ ನೋಡಿ, ಮುಂದಿನ ಮಂಗಳವಾರ ಆಪರೇಷನ್ ಮಾಡೋಣ, ಎರಡೂ ಒಂದೇ ಸಲ ತೆಗೆದುಬಿಡೋಣ ಅಂದರು. ಕೌಂಟರ್‌ನಲ್ಲಿ ಖರ್ಚಿನ ಅಂದಾಜು ಚೀಟಿಯೂ ಕೈಗೆ ಬಂತು. ನನಗೆ ಎಷ್ಟು ಸಾಕಾಗಿತ್ತೆಂದರೆ ನಾನು ಹೂಂ ಅಂದುಬಿಟ್ಟಿದ್ದೆ. ಹೆಂಡತಿಯ ತಮ್ಮ, ಹೈದರಾಬಾದಿನಲ್ಲಿರುವವನು, "ಮಾಮಾ, ಒಂದು ಸಲ ಇಲ್ಲಿ ತೋರಿಸಿ ಆಮ್ಯಾಲ ಮಾಡಿಸ್ಕೊಳ್ರಿ" ಅಂತ ಹಟ ಹಿಡಿದ. ಅವನ ಹಟ ನನ್ನನ್ನು ಉಳಿಸಿತು.

ಹೈದರಾಬಾದಿನ ಡಾಕ್ಟರ್ ಹತ್ತಿರ ಹಿಂದಿಯಲ್ಲಿ ಮಾತಾಡಿದೆ. ಬೇರೆ ಭಾಷೆಯಲ್ಲಿ ಹೇಳುವಾಗ ನಾಚಿಕೆ ಕಡಿಮೆ ಆಗುತ್ತದೆ, ಇದನ್ನು ಗಮನಿಸಿದ್ದೀರಾ? ಮಾತೃಭಾಷೆಯಲ್ಲಿ ಆ ಪದಕ್ಕೆ ಬಾಲ್ಯದ ಎಲ್ಲ ಬೈಗುಳ, ಎಲ್ಲ ಹೊಡೆತ ಅಂಟಿಕೊಂಡಿರುತ್ತದೆ. ಅವರು 40 ನಿಮಿಷ ಕೊಟ್ಟರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಅವತ್ತು ತಿಳಿದದ್ದನ್ನು ನಿಮಗೆ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಾದ ಮೇಲೆಯೇ ನನ್ನ ಅರ್ಧ ಹೆದರಿಕೆ ಹೋಯಿತು.

ತಾಯಿಯ ಹೊಟ್ಟೆಯಲ್ಲಿರುವಾಗ ವೃಷಣ ಹುಟ್ಟುವುದು ಕೆಳಗಲ್ಲ. ಮೇಲೆ, ಮೂತ್ರಪಿಂಡದ ಹತ್ತಿರ. ಗರ್ಭದ ಕೊನೆಯ ತಿಂಗಳುಗಳಲ್ಲಿ ತೊಡೆಸಂದಿನ ದಾರಿಯಿಂದ ಇಳಿದು ಚೀಲಕ್ಕೆ ಬರುತ್ತದೆ. ಬರುವಾಗ ತನ್ನ ರಕ್ತನಾಳ, ನರ ಎಲ್ಲವನ್ನೂ ಮೇಲಿನಿಂದಲೇ ಎಳೆದುಕೊಂಡು ಬರುತ್ತದೆ, ಬಾವಿಗೆ ಬಿಟ್ಟ ಕೊಡದ ಹಿಂದೆ ಹಗ್ಗ ಹೋದ ಹಾಗೆ. ಅದಕ್ಕೇ ಅಲ್ಲಿಗೆ ಕ್ರಿಕೆಟ್ ಚೆಂಡು ಬಡಿದರೆ ನೋವು ಹೊಟ್ಟೆಯೊಳಗೆ ಏರುತ್ತದೆ. ಅದಕ್ಕೇ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ, ಕಲ್ಲು ಇರುವುದು ಮೇಲೆ, ನೋವು ಬರುವುದು ವೃಷಣಕ್ಕೆ. ಬೆನ್ನುಹುರಿಯಿಂದ ಸೊಂಟದ ಮೇಲ್ಭಾಗದಲ್ಲಿ ಹೊರಡುವ ನರಗಳೇ ತೊಡೆಸಂದಿಗೂ ಚೀಲದ ಚರ್ಮಕ್ಕೂ ಹೋಗುತ್ತವೆ, ಹಾಗಾಗಿ ಅಲ್ಲಿ ನರ ಒತ್ತಿಕೊಂಡರೂ ನೋವು ಇಲ್ಲಿ. ಹರ್ನಿಯಾ ಆಪರೇಷನ್ ಮಾಡಿ ಜಾಲರಿ ಹಾಕಿಸಿಕೊಂಡವರಿಗೆ ಅದೇ ದಾರಿಯ ನರ ಸಿಕ್ಕಿಕೊಂಡು ತಿಂಗಳಾದ ಮೇಲೆ ನೋವು ಬರುವುದೂ ಹೀಗೆಯೇ. ಕೊಡ ಅಲುಗಾಡಿದ್ದಕ್ಕೆ ಕೊಡದಲ್ಲೇ ತೂತು ಹುಡುಕಿದರೆ ಸಿಗುವುದಿಲ್ಲ. ಹಗ್ಗ ಎಲ್ಲೆಲ್ಲಿ ಹಾದು ಬಂದಿದೆಯೋ ಅಲ್ಲೆಲ್ಲ ನೋಡಬೇಕು.

ವೆರಿಕೋಸಿಲ್ ಎಡಗಡೆಯೇ ಯಾಕೆ ಜಾಸ್ತಿ ಅಂತಲೂ ಕೇಳಿದೆ. ಬಲಗಡೆಯ ರಕ್ತನಾಳ ನೇರ ದೊಡ್ಡ ನಾಳಕ್ಕೆ ಸೇರುತ್ತದೆ. ಎಡಗಡೆಯದು ಎಡ ಮೂತ್ರಪಿಂಡದ ನಾಳಕ್ಕೆ, ಲಂಬವಾಗಿ ಏರಿ ಸೇರುತ್ತದೆ. ರಕ್ತ ಅಷ್ಟುದ್ದ ಮೇಲೇರಬೇಕು, ಒಳಗಿನ ಕವಾಟ ಸಡಿಲವಾದರೆ ಹಿಂದಕ್ಕೆ ತುಂಬಿಕೊಳ್ಳುತ್ತದೆ. ನೂರು ಗಂಡಸರಲ್ಲಿ ಸುಮಾರು 15 ಜನಕ್ಕೆ ವೆರಿಕೋಸಿಲ್ ಇರುತ್ತದೆ, ಬಹಳ ಜನಕ್ಕೆ ಅದು ಇರುವುದೇ ಗೊತ್ತಿರುವುದಿಲ್ಲ. ಹಾಗಾದರೆ ನನ್ನ ಸ್ಕ್ಯಾನಿನಲ್ಲಿ ಸಿಕ್ಕಿದ್ದು ನನ್ನ ನೋವಿನ ಕಾರಣವೋ, ಅಥವಾ ಸುಮ್ನೆ ಅಲ್ಲಿ ಇದ್ದದ್ದೋ? ಇದು ಅವರು ಕೇಳಿದ ಪ್ರಶ್ನೆ. ಆ ಆಪರೇಷನ್ ಹೇಳಿದವರು ಕೇಳದ ಪ್ರಶ್ನೆ. ವೆರಿಕೋಸಿಲ್‌ನಿಂದಲೇ ನೋವು ಅಂತ ಖಾತ್ರಿಯಾದರೆ ಆಪರೇಷನ್‌ನಿಂದ ಬಹಳ ಜನಕ್ಕೆ ಗುಣವಾಗುತ್ತದೆ, ಅದನ್ನೂ ಅವರೇ ಹೇಳಿದರು. ಇನ್ನೊಂದು ಎಚ್ಚರ: ನಡುವಯಸ್ಸಿನಲ್ಲಿ ಹೊಸದಾಗಿ, ಅದರಲ್ಲೂ ಬಲಗಡೆ ಮಾತ್ರ ವೆರಿಕೋಸಿಲ್ ಬಂದರೆ, ಅಥವಾ ಮಲಗಿದಾಗಲೂ ಅದು ಇಳಿಯದಿದ್ದರೆ, ಮೂತ್ರಪಿಂಡದ ಕಡೆ ಏನಾದರೂ ಗಡ್ಡೆ ಒತ್ತುತ್ತಿದೆಯಾ ಅಂತ ನೋಡಲೇಬೇಕು.

ಮೂರು ತಿಂಗಳಿಗಿಂತ ಜಾಸ್ತಿ ಎಳೆದ ಈ ನೋವಿಗೆ ಡಾಕ್ಟರುಗಳು ಕ್ರಾನಿಕ್ ಆರ್ಕಿಯಾಲ್ಜಿಯಾ ಅನ್ನುತ್ತಾರೆ. ಹೊಸ ಕಾಯಿಲೆ ಏನಲ್ಲ. ಲಂಡನ್ನಿನ ಸರ್ಜನ್ ಆಸ್ಟ್ಲಿ ಕೂಪರ್ 1830ರಲ್ಲೇ ಇದರ ಬಗ್ಗೆ ಬರೆದು ಇರಿಟಬಲ್ ಟೆಸ್ಟಿಸ್ ಅಂತ ಕರೆದಿದ್ದ. ಹಾಗಿದ್ದೂ ಇವತ್ತಿಗೂ ತುಂಬಾ ಜನರಲ್ಲಿ ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ರಿಪೋರ್ಟ್ ನಾರ್ಮಲ್ ಬಂತು, ನಿಮಗೆ ಏನೂ ಇಲ್ಲ, ಟೆನ್ಷನ್ ಅಷ್ಟೇ ಅಂದವರು ನನಗೂ ಇದ್ದರು. ಆಗ ಮನಸ್ಸಿಗೆ ಎಷ್ಟು ನೋವಾಗುತ್ತದೆ ಅಂದರೆ, ರಿಪೋರ್ಟ್‌ನಲ್ಲಿ ಏನಾದರೂ ಬರಬಾರದಿತ್ತಾ ಅನಿಸಿಬಿಡುತ್ತದೆ. ಸ್ಕ್ಯಾನ್‌ನಲ್ಲಿ ನರದ ನೋವು ಕಾಣಿಸುವುದಿಲ್ಲ, ಬಿಗಿದುಕೊಂಡ ಸ್ನಾಯು ಕಾಣಿಸುವುದಿಲ್ಲ. ನೋವು ಇರುವವನಿಗೆ ನೋವು ಇದೆ.

ನಮ್ಮ ಭಾಗದಲ್ಲಿ ಇದನ್ನು ಬರೆಯುವಾಗ ಆನೆಕಾಲು ರೋಗ ಬಿಟ್ಟು ಬರೆಯಲು ಆಗುವುದಿಲ್ಲ. ನಮ್ಮ ಊರು ಯಾದಗಿರಿ ಕಡೆ. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು ಕಡೆ, ಆಚೆ ಕರಾವಳಿಯಲ್ಲೂ ಈ ಫೈಲೇರಿಯಾ ಮೊದಲಿನಿಂದ ಇದೆ. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಹರಡುವ ಹುಳ. ಕಾಲು ಊದುವುದು ಎಲ್ಲರಿಗೂ ಕಾಣುತ್ತದೆ, ಅದಕ್ಕೆ ಆ ಹೆಸರು. ಆದರೆ ಗಂಡಸರಲ್ಲಿ ಅದು ವೃಷಣ ಚೀಲದಲ್ಲಿ ನೀರು ತುಂಬಿಸುವುದು ತುಂಬಾ ಜಾಸ್ತಿ, ಅದು ಪಂಚೆಯೊಳಗೆ ಮುಚ್ಚಿಹೋಗುತ್ತದೆ. ನಮ್ಮ ದೊಡ್ಡಪ್ಪ ಹಾಗೆಯೇ ಮುಚ್ಚಿಕೊಂಡು ಬದುಕಿದರು. ಮದುವೆಗೆ ಕರೆದರೆ ಬರುತ್ತಿರಲಿಲ್ಲ, ಬಸ್ ಹತ್ತುತ್ತಿರಲಿಲ್ಲ, ಹೊಲದ ಗುಡಿಸಲಲ್ಲೇ ಇರುತ್ತಿದ್ದರು. ಮುಂಗೋಪಿ ಅಂತ ನಾವು ಮಕ್ಕಳು ಹತ್ತಿರ ಹೋಗುತ್ತಿರಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಅವ್ವ ಹೇಳಿದಳು, ಅವರಿಗೆ ಅಂಡ ಊದಿತ್ತು ಅಂತ. ಒಂದು ಸಾಧಾರಣ ಆಪರೇಷನ್‌ನಿಂದ ಹೋಗುವಂಥದ್ದು, ಸರ್ಕಾರಿ ಆಸ್ಪತ್ರೆಯಲ್ಲೂ ಮಾಡುತ್ತಾರೆ. ಆ ಮನುಷ್ಯನ ಇಪ್ಪತ್ತು ವರ್ಷ ಸಂಕೋಚದಲ್ಲಿ ಹೋಯಿತು. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಆರೋಗ್ಯ ಇಲಾಖೆಯವರು ಮನೆಗೆ ಬಂದು ಫೈಲೇರಿಯಾ ಮಾತ್ರೆ ಕೊಟ್ಟಾಗ ದಯವಿಟ್ಟು ಅವರ ಮುಂದೆಯೇ ನುಂಗಿ, ಜೇಬಿಗೆ ಹಾಕಿಕೊಳ್ಳಬೇಡಿ. ರಾತ್ರಿ ಬಂದು ರಕ್ತ ತೆಗೆಯುತ್ತಾರೆ ಅಂತ ಬೇಸರ ಮಾಡಿಕೊಳ್ಳಬೇಡಿ, ಆ ಮರಿಹುಳಗಳು ರಕ್ತಕ್ಕೆ ಬರುವುದೇ ರಾತ್ರಿ ಹೊತ್ತು.

ಕ್ಷಯ ಕೂಡ ಎಪಿಡಿಡಿಮಿಸ್‌ಗೆ ಬರುತ್ತದೆ. ಆಂಟಿಬಯೋಟಿಕ್‌ಗೆ ಬಗ್ಗದ ಗಂಟು ಇದ್ದರೆ ಡಾಕ್ಟರ್ ಅದನ್ನೂ ನೋಡುತ್ತಾರೆ. ಇನ್ನು 35 ದಾಟಿದವರಲ್ಲಿ ಎಪಿಡಿಡಿಮಿಸ್ ಸೋಂಕು ಬರುವುದು ಹೆಚ್ಚಾಗಿ ಮೂತ್ರದ ದಾರಿಯಿಂದ. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಪೂರ್ತಿ ಖಾಲಿಯಾಗದೇ ಇದ್ದರೆ ಆ ಸೋಂಕು ಮತ್ತೆ ಮತ್ತೆ ಬರುತ್ತದೆ. ಸೋಂಕು ಇದ್ದರೆ ಆಂಟಿಬಯೋಟಿಕ್ ಬೇಕೇ ಬೇಕು, ವಾರಗಟ್ಟಲೆ ಬೇಕು. ಸೋಂಕಿನ ಗುರುತೇ ಇಲ್ಲದೆ ಒಂದಾದ ಮೇಲೆ ಒಂದು ನುಂಗಿದ್ದು, ನಾನು ಮಾಡಿದ್ದು, ಯಾವ ಉಪಯೋಗಕ್ಕೂ ಬರಲಿಲ್ಲ.

ಸಂತಾನಹರಣ ಆಪರೇಷನ್ ಆದವರ ವಿಷಯ ಹೇಳಲೋ ಬೇಡವೋ ಅಂತ ಯೋಚಿಸಿದೆ, ಯಾಕೆಂದರೆ ಇದನ್ನೇ ನೆಪ ಮಾಡಿಕೊಳ್ಳುವ ಗಂಡಸರು ಬೇಕಾದಷ್ಟಿದ್ದಾರೆ. ಆದರೂ ಹೇಳಬೇಕು. ನೂರರಲ್ಲಿ ಒಬ್ಬರು ಇಬ್ಬರಿಗೆ ಆಮೇಲೆ ಎಳೆಯುವ ನೋವು ಉಳಿಯುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಉಳಿದ 98 ಜನಕ್ಕೆ ಆ ಸಮಸ್ಯೆ ಇರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ದಂಪತಿಗಳ ಪೈಕಿ ಹೆಂಡತಿಗೆ ಆಪರೇಷನ್ ಆದದ್ದು ಶೇಕಡ 37.9, ಗಂಡನಿಗೆ ಆದದ್ದು ಶೇಕಡ 0.3. ಹೆಂಗಸರ ಆಪರೇಷನ್ನಿಗೆ ಹೊಟ್ಟೆ ಕೊಯ್ಯಬೇಕು, ಗಂಡಸರದು ಅರ್ಧ ತಾಸಿನ ಕೆಲಸ. ಈ ಲೆಕ್ಕ ನೋಡಿದ ಮೇಲೆ ಒಂದು ಎರಡರ ಭಯಕ್ಕೆ ಎಷ್ಟು ಬೆಲೆ ಕೊಡಬೇಕು ನೀವೇ ಹೇಳಿ.

ಹೈದರಾಬಾದಿನಲ್ಲಿ ನನಗೆ ಮಾಡಿದ್ದು ಒಂದು ಇಂಜೆಕ್ಷನ್ ಪರೀಕ್ಷೆ. ತೊಡೆಸಂದಿನ ಹತ್ತಿರ, ವೃಷಣಕ್ಕೆ ಹೋಗುವ ಆ ಹುರಿಯ ಸುತ್ತ ಮರವಿನ ಔಷಧಿ ಕೊಡುತ್ತಾರೆ. ಕೆಲವು ತಾಸು ಆ ಭಾಗ ಮರಗಟ್ಟುತ್ತದೆ. ಆಗ ನೋವು ಹೋದರೆ ನೋವು ಆ ಹುರಿಯ ನರಗಳಿಂದಲೇ ಬರುತ್ತಿದೆ ಅಂತ ಅರ್ಥ. ಅಂಥವರಿಗೆ ಬೇರೆ ಯಾವುದರಿಂದಲೂ ಗುಣ ಆಗದಿದ್ದರೆ, ಮೈಕ್ರೋಸ್ಕೋಪ್ ಇಟ್ಟುಕೊಂಡು ಆ ಸಣ್ಣ ನರಗಳನ್ನು ಕತ್ತರಿಸುವ ಆಪರೇಷನ್ ಇದೆ, ರಕ್ತನಾಳ ಉಳಿಸಿಕೊಂಡೇ ಮಾಡುತ್ತಾರೆ. ನನಗೆ ಇಂಜೆಕ್ಷನ್ ಕೊಟ್ಟು ಹೊರಗೆ ಕುರ್ಚಿಯಲ್ಲಿ ಒಂದು ತಾಸು ಕೂರಿಸಿದರು. ಮುಟ್ಟಿದರೆ ಅಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅರ್ಧ ತಾಸು ಕೂತ ಮೇಲೆ ಅದೇ ಎಳೆತ, ಅದೇ ಜಾಗದಲ್ಲಿ, ಹಾಗೇ ಬಂತು. ಅಂದರೆ ನೋವು ಹುಟ್ಟುತ್ತಿದ್ದುದು ಅಲ್ಲಿ ಅಲ್ಲ. ಮುಂದಿನ ಮಂಗಳವಾರ ಆ ಆಪರೇಷನ್ ಆಗಿದ್ದರೆ ಹೊಲಿಗೆಯೂ ಇರುತ್ತಿತ್ತು, ನೋವೂ ಇರುತ್ತಿತ್ತು.

ಆಮೇಲೆ ಗುದದ್ವಾರದಿಂದ ಬೆರಳಿನ ಪರೀಕ್ಷೆ ಮಾಡಿದರು. ಪ್ರಾಸ್ಟೇಟ್ ನೋಡುವಾಗ ಪಕ್ಕದ ಸ್ನಾಯುಗಳನ್ನೂ ಒಂದೊಂದಾಗಿ ಒತ್ತಿ ನೋಡಿದರು. ಎಡಗಡೆ ಒಂದು ಕಡೆ ಒತ್ತಿದಾಗ ನಾನು ಕೂಗಿಬಿಟ್ಟೆ. ಅಲ್ಲಿ ನೋವಾಯಿತು ಅಂತಲ್ಲ, ಏಳು ತಿಂಗಳಿಂದ ವೃಷಣದಲ್ಲಿ ಇದ್ದ ಆ ನೋವೇ, ಥೇಟ್ ಅದೇ ನೋವೇ ಬಂತು. ಕಾರಣ ಸಿಕ್ಕಿತು. ನಾವು ಕೂರುವ ಜಾಗದ ಒಳಗೆ, ಮೂತ್ರ ಮಲ ಹಿಡಿದಿಡುವ ಸ್ನಾಯುಗಳ ಒಂದು ಜೋಳಿಗೆ ಇದೆ. ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ. ದಿನಗಟ್ಟಲೆ ಕೂತು, ಮೂತ್ರ ಬಂದರೂ ಈ ಫೈಲ್ ಮುಗಿಯಲಿ ಅಂತ ತಡೆದು, ಮಲಬದ್ಧತೆಯಲ್ಲಿ ಮುಕ್ಕಿರಿದು, ಚಿಂತೆಯಲ್ಲಿ ಸದಾ ಹೊಟ್ಟೆ ಬಿಗಿಹಿಡಿದು, ನನ್ನ ಆ ಜೋಳಿಗೆ ಗಂಟು ಹಾಕಿದ ಬಟ್ಟೆಯ ಹಾಗೆ ಬಿಗಿದುಕೊಂಡಿತ್ತು. ನೋವಿಗೆ ಹೆದರಿ ಇನ್ನಷ್ಟು ಬಿಗಿ, ಬಿಗಿಗೆ ಇನ್ನಷ್ಟು ನೋವು.

ಇದಕ್ಕೆ ಫಿಸಿಯೋಥೆರಪಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಸೊಲ್ಲಾಪುರದಲ್ಲಿ ಒಬ್ಬರು ಮಾಡುತ್ತಾರೆ ಅಂತ ಸಿಕ್ಕಿತು, ರೈಲಿನಲ್ಲಿ ಹೋಗಿ ಬರಬಹುದು. ಅಲ್ಲಿ ಬೋರ್ಡಿನ ಮೇಲೆ ಬಾಣಂತಿಯರ ಚಿತ್ರ. ಕಾಯುವ ಕೋಣೆಯಲ್ಲಿ ನಾನೊಬ್ಬನೇ ಗಂಡಸು. ಎದುರಿಗೆ ಕೂತಿದ್ದ ಒಬ್ಬ ಅಜ್ಜಿ ಸೊಸೆಯನ್ನು ಕರೆದುಕೊಂಡು ಬಂದಿದ್ದರು, ನನಗೂ ಜಾಗ ಸರಿಸಿಕೊಟ್ಟು ಕೂರಿಸಿಕೊಂಡರು, ಏನೂ ಕೇಳಲಿಲ್ಲ. ಮೊದಲ ದಿನ ಫಿಸಿಯೋ ಮೇಡಂ ಕಲಿಸಿದ್ದು ಉಸಿರಾಡುವುದು. ಅಂಗಾತ ಮಲಗಿ, ಮಂಡಿ ಮಡಚಿ, ಹೊಟ್ಟೆ ಉಬ್ಬುವ ಹಾಗೆ ಉಸಿರು ತೆಗೆದುಕೊಳ್ಳುವುದು, ಆಗ ಕೆಳಗಿನ ಸ್ನಾಯು ತಾನಾಗಿ ಇಳಿಯುವುದನ್ನು ಗಮನಿಸುವುದು. ಆಮೇಲೆ ಕುಕ್ಕರಗಾಲಲ್ಲಿ ಕೂರುವ ಮಲಾಸನ, ಪಾದ ಜೋಡಿಸಿ ಕೂರುವ ಬದ್ಧಕೋನಾಸನ, ಮಗು ಮಲಗುವ ಹಾಗಿನ ಬಾಲಾಸನ. ನಾನು ಇಂಟರ್ನೆಟ್ ನೋಡಿ ಕೀಗಲ್ ವ್ಯಾಯಾಮ ಶುರು ಮಾಡಿದ್ದೆ, ಅದು ಆ ಸ್ನಾಯುವನ್ನು ಬಿಗಿ ಮಾಡುವ ವ್ಯಾಯಾಮ. ಸಡಿಲ ಇರುವವರಿಗೆ ಒಳ್ಳೆಯದು, ನನ್ನಂತೆ ಬಿಗಿದುಕೊಂಡವರಿಗೆ ನೋವು ಏರಿಸುತ್ತದೆ. ಅದಕ್ಕೇ ಪರೀಕ್ಷೆ ಇಲ್ಲದೆ ಯಾವುದನ್ನೂ ಶುರು ಮಾಡಬೇಡಿ.

ಹೈದರಾಬಾದಿನ ಡಾಕ್ಟರ್ ಮಾತ್ರೆಯೂ ಕೊಟ್ಟರು, ರಾತ್ರಿಗೆ ಅಮಿಟ್ರಿಪ್ಟಿಲಿನ್, 10 ಮಿಲಿಗ್ರಾಂ. ಡಬ್ಬಿಯೊಳಗಿನ ಕಾಗದ ಓದಿದರೆ ಖಿನ್ನತೆಯ ಔಷಧಿ ಅಂತ ಇತ್ತು. ನನಗೆ ಸಿಟ್ಟು ಬಂತು, ಇವರೂ ನನ್ನನ್ನು ಮನಸ್ಸಿನ ರೋಗಿ ಅಂದುಕೊಂಡರು ಅಂತ. ಫೋನ್ ಮಾಡಿ ಕೇಳಿದೆ. ಖಿನ್ನತೆಗೆ ಕೊಡುವುದು ಇದರ ಎಷ್ಟೋ ಪಟ್ಟು, ಇಷ್ಟು ಸಣ್ಣ ಪ್ರಮಾಣದಲ್ಲಿ ಇದು ನರದ ನೋವನ್ನು ತಗ್ಗಿಸುತ್ತದೆ ಅಂತ ಸಮಾಧಾನವಾಗಿ ವಿವರಿಸಿದರು. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ. ಪ್ರಾಸ್ಟೇಟ್ ತೊಂದರೆ, ಹೃದಯದ ತೊಂದರೆ, ಗ್ಲಾಕೋಮಾ ಅನ್ನುವ ಕಣ್ಣಿನ ತೊಂದರೆ ಇರುವವರು ಮೊದಲೇ ಹೇಳಬೇಕು. ನಾನು ನಾಲ್ಕು ತಿಂಗಳು ತೆಗೆದುಕೊಂಡೆ, ಅವರು ಹೇಳಿದ ಮೇಲೆ ನಿಧಾನವಾಗಿ ಬಿಟ್ಟೆ.

ಮನಸ್ಸಿನ ವಿಷಯ ಬಂತು ಅಂತ ಹೇಳುತ್ತೇನೆ. ನೋವು ಮನಸ್ಸಿನಿಂದ ಬಂದಿರಲಿಲ್ಲ, ಆದರೆ ಮನಸ್ಸನ್ನು ಹಾಳು ಮಾಡಿತ್ತು. ಮಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ. ಹೆಂಡತಿಯ ಹತ್ತಿರ ಹೋಗಲು ಹೆದರುತ್ತಿದ್ದೆ, ಯಾಕೆಂದರೆ ಕೂಡಿದ ಮೇಲೆ ಒಂದು ದಿನ ಪೂರ್ತಿ ನೋವು ಇರುತ್ತಿತ್ತು. ಅವಳು ಅದನ್ನು ಬೇರೆ ಥರ ಅರ್ಥ ಮಾಡಿಕೊಂಡು ತಿಂಗಳುಗಟ್ಟಲೆ ಒಳಗೊಳಗೇ ನೊಂದಿದ್ದಳು. ಇದು ನನಗೆ ಗೊತ್ತಾಗಿದ್ದು ಆ ಡಿಸೆಂಬರ್ ಭಾನುವಾರವೇ. ನೋವಿಗಿಂತ ಜಾಸ್ತಿ ನಷ್ಟ ಆದದ್ದು ಅಲ್ಲಿ ಅಂತ ಈಗಲೂ ಅನಿಸುತ್ತದೆ.

ದಿನದ ಸಣ್ಣ ವಿಷಯಗಳು ನನಗೆ ಬಹಳ ಸಹಾಯ ಮಾಡಿದವು. ಮುಂಚೆ ಪೈಲ್ವಾನರು ಲಂಗೋಟಿ ಕಟ್ಟುತ್ತಿದ್ದುದಕ್ಕೆ ಕಾರಣ ಇದೆ, ಜೋತು ಬಿದ್ದರೆ ಎಳೆತ. ಮೆಡಿಕಲ್ ಅಂಗಡಿಯಲ್ಲಿ ಸ್ಕ್ರೋಟಲ್ ಸಪೋರ್ಟ್ ಅಂತ ಕೇಳಿದರೆ ಅಳತೆ ನೋಡಿ ಕೊಡುತ್ತಾರೆ. ನಮ್ಮ ಬೇಸಿಗೆಯಲ್ಲಿ ಅದನ್ನು ದಿನವಿಡೀ ಹಾಕಲು ಆಗುವುದಿಲ್ಲ, ಹತ್ತಿಯ ಮೈಗೆ ಹತ್ತುವ ಚಡ್ಡಿಯೂ ಸಾಕು. ಬಿಸಿನೀರಿನ ಟಬ್ಬಿನಲ್ಲಿ ಹದಿನೈದು ನಿಮಿಷ ಕೂರುವುದು. 40 ನಿಮಿಷಕ್ಕೆ ಒಮ್ಮೆ ಎದ್ದು ನಿಲ್ಲುವುದು, ಫೋನ್ ಬಂದರೆ ನಿಂತೇ ಮಾತಾಡುವುದು. ಹಿಂದಿನ ಜೇಬಿನ ಪರ್ಸ್ ತೆಗೆದು ಮುಂದಿಟ್ಟೆ. ಸೊಪ್ಪು, ನೀರು, ಮಲ ಗಟ್ಟಿಯಾಗದ ಹಾಗೆ ನೋಡಿಕೊಳ್ಳುವುದು.

ವೃಷಣವನ್ನೇ ತೆಗೆದುಬಿಡಿ ಅಂತ ಬೇಡಿಕೊಳ್ಳುವ ಸ್ಥಿತಿಗೂ ಜನ ಬರುತ್ತಾರೆ, ನಾನೂ ಒಂದು ರಾತ್ರಿ ಹಾಗೆ ಅಂದಿದ್ದೆ. ತೆಗೆದ ಮೇಲೂ ನೋವು ಉಳಿಯಬಹುದು. ಅದು ಎಲ್ಲ ದಾರಿ ಮುಗಿದ ಮೇಲಿನ ಮಾತು. ಯಾರಾದರೂ ಮೊದಲ ಭೇಟಿಯಲ್ಲೇ ಅದನ್ನು ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ನನ್ನ ಆ ಚೀಟಿ ಇನ್ನೂ ಇದೆ. ಹೇಳಲು ಆಗದವರು ಹೀಗೆಯೇ ಬರೆದುಕೊಂಡು ಹೋಗಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ. "ವಯಸ್ಸು 45. ಎಡಗಡೆಯ ವೃಷಣದಲ್ಲಿ ಐದು ತಿಂಗಳಿಂದ ನೋವು. ಎಳೆದಂತೆ. ಕೂತರೆ, ಸ್ಕೂಟರ್ ಓಡಿಸಿದರೆ ಜಾಸ್ತಿ. ಮಲಗಿದರೆ ಕಡಿಮೆ. ಕೂಡಿದ ಮೇಲೆ ಜಾಸ್ತಿ. ಜ್ವರ ಇಲ್ಲ, ಉರಿಮೂತ್ರ ಇಲ್ಲ. ಪೆಟ್ಟು ಬಿದ್ದಿಲ್ಲ. ಹರ್ನಿಯಾ, ಸಂತಾನಹರಣ ಆಪರೇಷನ್ ಆಗಿಲ್ಲ. ಸೊಂಟ ನೋವು ಮೊದಲಿನಿಂದ ಇದೆ. ಇಷ್ಟು ಮಾತ್ರೆ ತೆಗೆದುಕೊಂಡಿದ್ದೇನೆ." ಕೆಳಗೆ ಮಾತ್ರೆಗಳ ಹೆಸರು. ಹೈದರಾಬಾದಿನ ಡಾಕ್ಟರ್ ಅದನ್ನು ಎರಡು ಸಲ ಓದಿ, ಕೂತರೆ ಜಾಸ್ತಿ ಅನ್ನುವುದರ ಕೆಳಗೆ ಗೆರೆ ಎಳೆದಿದ್ದರು.

ಈಗ ಹೇಗಿದೆ ಅಂದರೆ, ವಾರದಲ್ಲಿ ಐದು ದಿನ ನೋವಿನ ನೆನಪೇ ಬರುವುದಿಲ್ಲ. ಜುಲೈ ಬಂದರೆ, ಕೂರುವುದು ಜಾಸ್ತಿಯಾದರೆ, ಮತ್ತೆ ಸ್ವಲ್ಪ ಎಳೆಯುತ್ತದೆ. ಆಗ ಹೆದರುವುದಿಲ್ಲ. ಆಫೀಸಿನ ಬಾಗಿಲು ಹಾಕಿ ಚಾಪೆ ಹಾಸಿ ಹತ್ತು ನಿಮಿಷ ಮಲಗಿ ಉಸಿರಾಡುತ್ತೇನೆ. ಆ ಸಣ್ಣ ವೆರಿಕೋಸಿಲ್, ಆ ನಾಲ್ಕು ಮಿಲಿಮೀಟರ್ ಗುಳ್ಳೆ ಎರಡೂ ಹಾಗೆಯೇ ಇವೆ.